ಹಾರುವ ತಟ್ಟೆಗೆ ಒಬ್ಬಳೇ ಸಾಕ್ಷಿ

ಢಣ್, ಢಣ್, ಢಣ್... ನಾಲ್ಕನೆಯದು ಬೀಳಲಿಲ್ಲ. ಅರವತ್ತು ವರ್ಷದ ಹಿಂದೆ ಅರ್ಧಕ್ಕೆ ನಿಂತ ಆ ಗಂಟೆಯ ಕೊನೆಯ ಏಟಿಗಾಗಿ ನನ್ನ ಕಿವಿ ಇವತ್ತಿಗೂ ಕಾಯುತ್ತಿದೆ. ನನ್ನ ವಯಸ್ಸಿನವರು ಇಂಥದ್ದನ್ನು ಹೇಳಿಕೊಂಡರೆ ಕೇಳುವವರು ಮೆಲ್ಲಗೆ "ಬಿಪಿ ಮಾತ್ರೆ ತಗೊಂಡ್ರಾ?" ಎನ್ನುತ್ತಾರೆ. ತಗೊಂಡಿದ್ದೇನೆ. ತಗೊಂಡೇ ಹೇಳುತ್ತಿದ್ದೇನೆ: ನಾನು ಹಾರುವ ತಟ್ಟೆ ನೋಡಿದ್ದೇನೆ. ಹಾಡಹಗಲಲ್ಲಿ, ಯಲಹಂಕದಲ್ಲಿ, ಸ್ಕೂಲ್ ಯೂನಿಫಾರ್ಮಿನಲ್ಲಿ.

ನಮ್ಮ ಕಾನ್ವೆಂಟಿನಲ್ಲಿ ಸಂಜೆ ನಾಲ್ಕರ ಗಂಟೆ ಹೊಡೆಯುವ ಡ್ಯೂಟಿ ನನ್ನ ಗೆಳತಿ ಜರೀನಾಳದು. ಅವಳು ಮೂರು ಹೊಡೆದು, ನಾಲ್ಕನೆಯದಕ್ಕೆ ಕೈಯೆತ್ತಿದವಳು ಹಾಗೇ ನಿಂತುಬಿಟ್ಟಳು. ಡಸ್ಟರ್ ಕೊಡವಲು ಹೊರಗೆ ಬಂದಿದ್ದ ನಾನೂ ತಲೆಯೆತ್ತಿದೆ. ಏರ್‌ಫೋರ್ಸ್ ನೆಲೆಯಿರುವ ಯಲಹಂಕದ ಮಕ್ಕಳಿಗೆ ವಿಮಾನ ಹೊಸದಲ್ಲ, ಸದ್ದು ಕೇಳಿಯೇ ಯಾವುದೆಂದು ಬೆಟ್ ಕಟ್ಟುತ್ತಿದ್ದೆವು. ಇದಕ್ಕೆ ಸದ್ದೇ ಇಲ್ಲ! ಬೆಳ್ಳಿ ಬಣ್ಣ, ಬಾಲವಿಲ್ಲ, ರೆಕ್ಕೆಯಿಲ್ಲ, ನೀಲಗಿರಿ ಮರಗಳ ಮೇಲೆ ಸುಮ್ಮನೆ ನಿಂತಿದೆ. ಕೈಜಾರಿ ಬಿದ್ದ ಊಟದ ತಟ್ಟೆ ನೆಲದ ಮೇಲೆ ನಿಲ್ಲುವ ಮುಂಚೆ ಓಲಾಡುತ್ತದಲ್ಲ, ಹಾಗೆ ಮೂರು ಸಲ ಓಲಾಡಿತು. ಮರುಕ್ಷಣ ಮಾಯ. ಮೈ ಗಾಡ್! ಬರೆಯುವಾಗಲೂ ಮೈ ಜುಮ್ಮೆನ್ನುತ್ತಿದೆ. ಈ ಓಲಾಟವನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ. ನಿಮಗೇ ಮೊದಲು.

ಮಿಕ್ಕವರೆಲ್ಲ ಕ್ಲಾಸಿನೊಳಗೆ ಗಂಟೆ ಮುಗಿಯಲೆಂದು ಕಾಯುತ್ತಿದ್ದರು. ಗಂಟೆ ಯಾಕೆ ನಿಂತಿತೆಂದು ಕೇಳಲು ಬಂದ ಹೆಡ್‌ಮಿಸ್ಟ್ರೆಸ್ ಸಿಸ್ಟರ್‌ಗೆ ತಟ್ಟೆಯ ವಿಷಯ ಹೇಳಿದೆವು. ಅವರು ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, "ಆಕಾಶದಲ್ಲಿ ನಾನು ಏನೂ ನೋಡಿಲ್ಲ" ಎಂದು ಇಂಗ್ಲಿಷಿನಲ್ಲಿ ಬರೆದು ಸೈನ್ ಮಾಡಿ ಎಂದರು. ಜರೀನಾ ಮಾಡಲಿಲ್ಲ. ಒಂದು ವಾರ ಕ್ಲಾಸಿನ ಹೊರಗೆ ನಿಂತಳು. ನಾನು ಮಾಡಿದೆ. ಆ ವರ್ಷ ಕ್ರಿಸ್‌ಮಸ್ ನಾಟಕದಲ್ಲಿ ಏಂಜೆಲ್ ಪಾರ್ಟು ನನ್ನದು. ಸೈನ್ ಮಾಡದಿದ್ದರೆ ರೆಕ್ಕೆ ಹೋಗುತ್ತಿತ್ತು. ಹ್ಯಾಂಡ್‌ರೈಟಿಂಗ್ ಮಾತ್ರ ಬ್ಯೂಟಿಫುಲ್ ಎಂದು ಸಿಸ್ಟರ್ ಹೊಗಳಿದರು.

ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಆಕಾಶದ ಒಂದು ಬಿಳಿ ಚುಕ್ಕೆಯ ಫೋಟೋ ಹಾಕಿದರು. ಗ್ರೂಪಿಗೆ ಗ್ರೂಪೇ ಎದ್ದು ಕುಣಿಯಿತು. ನನ್ನ ಬೆರಳು ಕೇಳಬೇಕಲ್ಲ! "ಇದೇನು ಮಹಾ, ನಾನು ನೋಡಿದ್ದು ಇದಕ್ಕಿಂತ ದೊಡ್ಡದು" ಎಂದು ಟೈಪಿಸಿದೆ. ಧಾರವಾಡ ಕಡೆಯ ನಮ್ಮ ಸೆಕ್ರೆಟರಿ ಹಿರೇಮಠರು ಬಾಗಿಲಿಗೇ ಬಂದರು. "ಅಮ್ಮಾರ, ರವಿವಾರ ಎಲ್ಲಾರ ಮುಂದ ಹೇಳ್ರಿ. ಆದ್ರ ಸಾಕ್ಷಿ ಯಾರಾರ ಅದಾರೇನ್ರಿ? ಮಂದಿ ನಗ್ತಾರ ಮತ್ತ."

ಆರ್.ಟಿ. ನಗರದ ಜರೀನಾಳಿಗೆ ಫೋನ್ ಮಾಡಿದೆ. ಅರವತ್ತು ವರ್ಷದಲ್ಲಿ ನಾವು ಮಂಡಿನೋವು, ಬಿರಿಯಾನಿ, ಸೊಸೆಯಂದಿರು ಎಲ್ಲ ಮಾತಾಡಿದ್ದೇವೆ, ಆ ಹಾಳೆಯೊಂದನ್ನು ಬಿಟ್ಟು. ಸಾಯುವುದರೊಳಗೆ ಒಮ್ಮೆಯಾದರೂ ಯಾರಾದರೂ ನನ್ನನ್ನು ನಂಬಬೇಕಿತ್ತು. "ಬರ್ತೀನಿ ಬಿಡೇ ವಿಮ್ಮಿ" ಎಂದಳು.

ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಹಾಲ್‌ಗೆ ಕೋಲೂರಿಕೊಂಡು ಬಂದವಳು ಎಂಥ ಚೆಂದ ಹೇಳಿದಳು ಅಂತೀರಿ! ಮಕ್ಕಳು ಬಾಯಿ ಬಿಟ್ಟು ಕೇಳಿದರು. ಓಲಾಟದ ಮಾತು ಮಾತ್ರ ಅವಳೂ ಎತ್ತಲಿಲ್ಲ. ನಾನು ಸೀರೆಯ ನೆರಿಗೆ ಸರಿಮಾಡಿಕೊಂಡು ನನ್ನ ಪಾಲಿನ ಚಪ್ಪಾಳೆಗೆ ರೆಡಿಯಾದೆ.

"ಅಂದ್ರ ಇಬ್ರೂ ನೋಡೀರಿ ಅನ್ರಿ" ಎಂದರು ಹಿರೇಮಠರು.

"ಇಲ್ಲಾ ಸಾರ್, ನಾನೊಬ್ಳೇ. ಇವ್ಳು ಏನೂ ನೋಡಿಲ್ಲ. ಹಾಗಂತ ಬರ್ದು ಸೈನ್ ಮಾಡ್ಕೊಟ್ಟಿದಾಳೆ. ಕೇಳಿ ಬೇಕಾದ್ರೆ."

ಹಾಲಿಗೆ ಹಾಲೇ ನಕ್ಕಿತು. ಜರೀನಾ ನನ್ನ ಕಿವಿಯತ್ತ ಬಾಗಿ ಕೇಳಿದಳು: "ಅರೆ, ರೆಕ್ಕೆ ಚೆನ್ನಾಗಿತ್ತಾ?"

"ರಟ್ಟಿಂದು ಕಣೇ. ಎರಡ್ನೇ ಸೀನಲ್ಲೇ ಒಂದು ಬಿದ್ದೋಯ್ತು" ಎಂದೆ. ಆಮೇಲೆ ಅರವತ್ತು ವರ್ಷ ತಡವಾಗಿ, "ಸಾರಿ ಕಣೇ" ಎಂದೆ. ಅವಳು ನನ್ನ ಪ್ಲೇಟಿನ ಬೋಂಡಾ ಎತ್ತಿಕೊಂಡು ತಿಂದಳು.

ಮುಂದಿನ ವಾರವೇ ಅವಳು ಕೋಲಾರದ ತಂಗಿಯ ಮನೆ ಸೇರಿದಳು. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಆ ಭಾನುವಾರ, ಗೇಟಿನಿಂದ ಹೊರಟ ಆಟೋದಲ್ಲಿ. ಆಟೋ ತಿರುಗುವಾಗ ಒಂದು ಕೈ ಹೊರಗೆ ಬಂತು. ಅಂಗೈ ಮಟ್ಟಸವಾಗಿ ಹಿಡಿದು ಮೂರು ಸಲ ಓಲಾಡಿಸಿ, ಫಟ್ಟನೆ ಆಕಾಶದತ್ತ ಬೀಸಿದಳು. ನಾನು ಹುಡುಗಿಯ ಹಾಗೆ ಕುಣಿಯುವುದೊಂದು ಬಾಕಿ, ತಲೆಯೆತ್ತಿ ನೋಡುತ್ತಾ ನಿಂತೆ.

"ಏನಮ್ಮಾ, ಮೇಲೇನಾದ್ರೂ ಕಾಣ್ತಾ?" ಎಂದ ವಾಚ್‌ಮನ್.

ಅಭ್ಯಾಸ ನೋಡಿ. "ಏನೂ ಇಲ್ಲಪ್ಪ" ಎಂದುಬಿಟ್ಟೆ.