ಶೋಕೇಸಿಗೆ ಬಂದ ದೇವರು

ನನಗೆ ಹಳೇ ಸಾಮಾನಿನ ಹುಚ್ಚು ಹಿಡಿದಿದೆ ಎಂದು ನನ್ನ ಹೆಂಡತಿ ಕೊಟ್ರಬಸಮ್ಮ ಬಂಧುಬಳಗಕ್ಕೆಲ್ಲ ಡಂಗುರ ಸಾರಿದ್ದಾಳೆ. ಸ್ವಾಮೀ, ಅದು ಹುಚ್ಚಲ್ಲ, ಸಂಗ್ರಹಕಲೆ. ಕೊಟ್ಟೂರಿನ ನಮ್ಮ ಮನೆಯ ಶೋಕೇಸಿನಲ್ಲಿ ಚಿಮಣಿ ಬುಡ್ಡಿಗಳಿವೆ, ಹಾಡದ ರೇಡಿಯೊ ಇದೆ, ನಡೆಯದ ಗಡಿಯಾರವಿದೆ. (ಆ ಮನೆಯಲ್ಲಿ ನನ್ನ ಮಾತೂ ನಡೆಯುವುದಿಲ್ಲ. ಅದನ್ನೂ ಶೋಕೇಸಿನಲ್ಲಿಡಲು ಜಾಗ ಸಾಲದು.)

ಹೋದ ಸೋಮವಾರ ಹರಪನಹಳ್ಳಿಯ ಬಯಲಿನಲ್ಲಿ ಹಳೇ ಸಾಮಾನಿನ ಭಾರಿ ಸಂತೆ ಸೇರಿದೆ ಎಂದು ಕೇಳಿ ಅಂಗಡಿಗೆ ಬೀಗ ಜಡಿದು ಓಡಿದೆ. ಕಣ್ಣು ಹಾಯಿಸಿದಷ್ಟೂ ತಾಡಪತ್ರಿ, ಅದರ ಮೇಲೆ ಊರೂರಿನ ಅಟ್ಟ ಗುಡಿಸಿ ಸುರಿದಂಥ ರಾಶಿ. ಒಬ್ಬ ಬಾಗಿಲಿಲ್ಲದ ಚೌಕಟ್ಟು ಮಾರುತ್ತಿದ್ದರೆ ಪಕ್ಕದವನು ಚೌಕಟ್ಟಿಲ್ಲದ ಬಾಗಿಲು ಮಾರುತ್ತಿದ್ದ, ಇಬ್ಬರಿಗೂ ಮಾತಿರಲಿಲ್ಲ. ನಾನು ಕಣ್ಣು ಹಾಕಿದ್ದ ಲಾಟೀನನ್ನು ಹಡಗಲಿಯ ಮೇಷ್ಟ್ರೊಬ್ಬರು ಕೈಯಿಂದಲೇ ಕಸಿದರು. ನಡುಹಗಲ ಬಿಸಿಲಿನಲ್ಲಿ ಮೊಣಕಾಲೂರಿ ತುಕ್ಕು ಕೆದಕುತ್ತಿದ್ದಾಗ ಸಿಕ್ಕಿತು ನೋಡಿ, ಹಿತ್ತಾಳೆಯ ಒಂದು ಮುಖ. ಕುಂಕುಮ, ಎಣ್ಣೆ, ಹೊಗೆ ಸೇರಿ ಬೆರಳು ದಪ್ಪ ಮೆತ್ತಿಕೊಂಡಿತ್ತು. ಯಾವುದೋ ಅಮ್ಮನದು ಎಂದ ಮಾರುವವನು. ಪುರಾತನ ಕಲಾಕೃತಿ ಎಂದೆ ನಾನು. ರೇಡಿಯೊ ಪಕ್ಕ ಇಡುವುದೆಂದು ಬಸ್ಸಿನಲ್ಲೇ ತೀರ್ಮಾನಿಸಿದೆ.

ಮಾರನೆಯ ಬೆಳಿಗ್ಗೆ ಕಸ ಗುಡಿಸುತ್ತಿದ್ದ ಕೊಟ್ರಬಸಮ್ಮನ ಕೈಯಿಂದ ಪೊರಕೆ ಬಿತ್ತು. ದೇವರನ್ನು ಹೊಸಿಲು ದಾಟಿಸಿ ತಂದು ರೇಡಿಯೊ ಪಕ್ಕ ಕೂರಿಸುವುದೇ? ನಾನು ಕಲೆಯ ವಿಚಾರವಾಗಿ ಬಾಯಿ ತೆರೆಯುವಷ್ಟರಲ್ಲಿ ಆಕೆ ಎದುರುಮನೆಯ ಹಂಪಕ್ಕನನ್ನು ಕರೆತಂದಿದ್ದಳು. ಹಂಪಕ್ಕನ ಮನೆಯಲ್ಲಿ ತಲೆತಲಾಂತರದಿಂದ ಊರಮ್ಮನ ಪೂಜೆ ನಡೆಯುತ್ತದೆ.

"ಇದು ನಮ್ಮ ಕಡಿ ಅಮ್ಮ ನೋಡವ್ವ," ಎಂದಳು ಹಂಪಕ್ಕ. "ಮಂಗಳವಾರಕ್ಕೊಂದು ಕೋಳಿ ಕೇಳ್ತಾಳ."

ಅಂದು ಮಂಗಳವಾರ. ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆ ತಿಂದವರು ಬಂದು ಹೋದರೂ ನನ್ನಾಕೆ ನೆಲ ಸಾರಿಸುತ್ತಾಳೆ. ಗೋಡೆ ಹಿಡಿದು ಕುಳಿತೇಬಿಟ್ಟಳು. ಸಂಜೆಯೊಳಗೆ ಅಮ್ಮ ಹೊರಡದಿದ್ದರೆ ತಾನೇ ಹಂಪಸಾಗರದ ತವರಿಗೆ ಹೊರಡುವುದಾಗಿ ತೀರ್ಪು ಬಂತು. ಹೇಳಿದರೆ ಮಾಡುವವಳು. ಮನೆಗೆ ತಂದ ದೇವರನ್ನು ತಿರುಗಿ ಮಾರುವಂತಿಲ್ಲ. ಕೊನೆಗೆ ಹಂಪಕ್ಕನೇ ಅಮ್ಮನನ್ನು ಇಟ್ಟುಕೊಳ್ಳಲು ಒಪ್ಪಿದಳು. ಆದರೆ ಮಗಳನ್ನು ಗಂಡನ ಮನೆಗೆ ಕಳಿಸಿದಂತೆ ಉಡಿ ತುಂಬಿ ಕಳಿಸಬೇಕು.

ತುಂಬಿದೆವು. ಹಸಿರು ಸೀರೆ ಉಡಿಸಿ, ಬಳೆ ಇಟ್ಟು, ಕೊಬ್ಬರಿ ಬೆಲ್ಲ ಕಟ್ಟಿ, ಹಲಗೆ ಬಾರಿಸುತ್ತ, ಊರು ಸುತ್ತಿಕೊಂಡು ಎದುರುಮನೆಗೆ ಹೊರಟೆವು. ಬರಿಗಾಲಿನಲ್ಲಿ ಅಮ್ಮನನ್ನು ತಲೆಯ ಮೇಲೆ ಹೊತ್ತವನು ಸಂಗ್ರಹಕಾರ ಸೋಮಶೇಖರ್, ಅಂದರೆ ನಾನು. ನನ್ನ ಗಿರಾಕಿಗಳೆಲ್ಲ ಕೈಮುಗಿದರು, ನನಗೋ ಅಮ್ಮನಿಗೋ ತಿಳಿಯಲಿಲ್ಲ.

ಹಂಪಕ್ಕನ ಅಂಗಳದಲ್ಲಿ ಕೋಳಿಯನ್ನು ಆಗಲೇ ಗೂಟಕ್ಕೆ ಬಿಗಿದಾಗಿತ್ತು. ದೇವರ ಗೂಡಿನಲ್ಲಿ ಕೂರಿಸುವ ಮುಂಚೆ ಅಮ್ಮನ ಮುಖ ಬೆಳಗಬೇಕೆಂದು ಹಂಪಕ್ಕ ಹುಣಿಸೆಹಣ್ಣು ಹಚ್ಚಿ ತಿಕ್ಕಿದಳು. ಕುಂಕುಮ ಕರಗಿ ಎರಡು ಕೆಂಡದಂಥ ಕಣ್ಣು ಕಂಡವು. ಇನ್ನಷ್ಟು ತಿಕ್ಕಿದಳು. ಮೂಗಿನ ಕೆಳಗೆ ಏನೋ ಉಬ್ಬಿತು. ತಿಕ್ಕಿದಷ್ಟೂ ಅದು ಬೆಳೆಯುತ್ತಾ ಹೋಗಿ ಕಿವಿ ಮುಟ್ಟಿತು.

"ಅಮ್ಮಗ ಮೀಸಿ ಐತಲ್ಲರಿ ಅಣ್ಣಾರ," ಎಂದಳು ಹಂಪಕ್ಕ ಮೆಲ್ಲಗೆ.

ಹಲಗೆ ನಿಂತಿತು. ಕೊಟ್ರಬಸಮ್ಮ ಬಗ್ಗಿ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಮೀಸೆ ನೋಡಿದಳು. ಎರಡೂ ಕೈಯಲ್ಲಿ ಗಲ್ಲ ಬಡಿದುಕೊಂಡಳು.

"ನಮ್ಮ ಮನಿದೇವ್ರು ವೀರಭದ್ರಪ್ಪರಿ ಇವ್ರು. ಸೀರಿ ಉಡಿಸಿ ಕೋಳಿ ಮುಂದ ತಂದು ಕುಂದರ್ಸೀರಲ್ಲ."

ಕೋಳಿಯನ್ನು ಬಿಚ್ಚಿ ಓಡಿಸಲಾಯಿತು. ಹಂಪಕ್ಕ ಅವಸರದಲ್ಲಿ ಸೀರೆ ಬಿಚ್ಚಿದಳು. ನಾನು ತಪ್ಪುಕಾಣಿಕೆ, ನೂರೊಂದು ತೆಂಗಿನಕಾಯಿ ಎಂದೆಲ್ಲ ತೊದಲುತ್ತಿದ್ದರೆ, ಕೊಟ್ರಬಸಮ್ಮ ಕಣ್ಣು ಮುಚ್ಚಿ ಇಡೀ ಓಣಿಗೆ ಕೇಳುವಂತೆ ಹರಕೆ ಹೊತ್ತೇಬಿಟ್ಟಳು: ವೀರಭದ್ರನ ಗುಗ್ಗಳದ ಮೆರವಣಿಗೆಯಲ್ಲಿ ತನ್ನ ಗಂಡ ಗಲ್ಲಕ್ಕೆ ಶಸ್ತ್ರ ಹಾಕಿಸಿಕೊಳ್ಳುತ್ತಾನೆ. ಶಸ್ತ್ರವೆಂದರೆ ಗಲ್ಲದೊಳಗೆ ತೂರಿಸುವ ಕಬ್ಬಿಣದ ಸೂಜಿ. ಹರಕೆ ಆಕೆಯದು, ಗಲ್ಲ ನನ್ನದು.

ನಿನ್ನೆ ಶಸ್ತ್ರ ಹಾಕುವ ಪುರವಂತರು ಮನೆಗೆ ಬಂದಿದ್ದರು. ನನ್ನ ಗಲ್ಲ ಹಿಂಡಿ ನೋಡಿ, ವಯಸ್ಸಾಗಿದೆ, ಒಂದೇ ಕಡೆ ಸಾಕು ಎಂದರು. ನಾನು ಅವರ ಕಾಲಿಗೆ ಬೀಳುವವನಿದ್ದೆ.

ಕೊಟ್ರಬಸಮ್ಮ ಅಡುಗೆಮನೆಯಿಂದಲೇ ಹೇಳಿದಳು: "ಕೋಳಿಗೊಂದು, ಸೀರಿಗೊಂದು. ಎರಡೂ ಕಡಿ ಹಾಕ್ರಿ."