ಎಪ್ಪತ್ತು ದಾಟದ ಹೆಂಡತಿ

ಸರಕಾರಿ ಅರ್ಜಿ ತುಂಬುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಮೇಲವಂಕಿಯಲ್ಲಿ ಯಾರೂ ಇಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳದ ಕಾರಣ ನಾನೇ ಹೇಳಬೇಕಾಗಿದೆ. ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸಿ, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು ನಾನು. ಹುಟ್ಟಿದ ತಾರೀಖು ಗೊತ್ತಿಲ್ಲದ ಮಕ್ಕಳನ್ನು ತಾಯಂದಿರು ಕರೆತಂದರೆ, ಹಲ್ಲು ನೋಡಿ, ಎತ್ತರ ನೋಡಿ, ಜೂನ್ ಒಂದು ಎಂದು ಬರೆದುಬಿಡುತ್ತಿದ್ದೆ. ಅರ್ಧ ಊರನ್ನು ಒಂದೇ ದಿನ ಹುಟ್ಟಿಸಿದ ಕೀರ್ತಿ ನನ್ನದು.

ಹೀಗಿರುವಾಗ ನನ್ನ ಹೆಂಡತಿ ಮಾಯವ್ವನಿಗೆ ನೀರಿನ ಕೊಡ ಎತ್ತಿದರೆ ಎದೆ ಹಿಡಿದುಕೊಳ್ಳತೊಡಗಿತು. ಹೃದಯದ ರಕ್ತನಾಳ ಕಟ್ಟಿದೆ, ಬೆಳಗಾವಿಗೆ ಹೋಗಿ ಸ್ಟೆಂಟ್ ಹಾಕಿಸಿ, ತಿಂಗಳು ಮೀರಬೇಡಿ ಎಂದರು ಗೋಕಾಕದ ಡಾಕ್ಟರು. ಖರ್ಚು ಕೇಳಿ ನನ್ನ ಎದೆಯೂ ಹಿಡಿದುಕೊಂಡಿತು. ನನ್ನ ಮುಖ ನೋಡಿ ಅವರೇ ಹೇಳಿದರು: ಎಪ್ಪತ್ತು ದಾಟಿದವರಿಗೆ ಸರಕಾರದ ಆರೋಗ್ಯ ಕಾರ್ಡು ಇದೆ, ಬಡವ ಶ್ರೀಮಂತ ಎಂದು ನೋಡುವುದಿಲ್ಲ, ಆಧಾರ್ ಒಯ್ದರೆ ಸಾಕು.

“ಅರ್ಜಿ ಕೆಲಸಾ ನನಗ ಬಿಡು,” ಎಂದೆ ಮಾಯವ್ವನಿಗೆ. ಅವಳು ಬಿಟ್ಟಳು. ಐವತ್ತಾರು ವರ್ಷಗಳ ಸಂಸಾರದಲ್ಲಿ ಅವಳು ಮಾಡುತ್ತ ಬಂದಿರುವ ತಪ್ಪು ಇದೊಂದೇ.

ಗೋಕಾಕದ ಸೇವಾ ಕೇಂದ್ರವೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗಿ ಮೊದಲು ನನ್ನ ಆಧಾರ್ ನಂಬರ್ ಹಾಕಿದಳು. ವಯಸ್ಸು ಎಪ್ಪತ್ಮೂರು. ಕ್ಯಾಮೆರಾ ಕಡೆ ನೋಡಿ ಕಣ್ಣು ಮಿಟುಕಿಸಲು ಹೇಳಿದಳು, ಮಿಟುಕಿಸಿದೆ. ಹತ್ತೇ ನಿಮಿಷದಲ್ಲಿ ಕಾರ್ಡು ಮಂಜೂರು! ಪಾಳಿಯಲ್ಲಿ ನಿಂತವರತ್ತ ಒಮ್ಮೆ ಗತ್ತಿನಿಂದ ನೋಡಿದೆ. ಆಮೇಲೆ ಅವಳು ಮಾಯವ್ವನ ನಂಬರ್ ಹಾಕಿದಳು.

“ಸರ್ರ, ಅಮ್ಮಾರಿಗೆ ಬರೂದಿಲ್ರಿ. ಇವರಿಗೆ ಬರೇ ಅರವತ್ತೈದು.”

“ನಿನ್ನ ಮಿಶಿನ್ ಕೆಟ್ಟಿರಬೇಕು. ಆಕಿ ಕೂದಲಾ ನೋಡವಾ.”

“ಕಂಪ್ಯೂಟರ್ ಕೂದಲಾ ನೋಡೂದಿಲ್ರಿ.”

ಗಣಿತದ ಮಾಸ್ತರನ ಮುಂದೆ ಇವಳ ಲೆಕ್ಕವೇ? “ನಮ್ಮ ಹಿರೇ ಮಗಳನ್ನ ಹತ್ತರಗಿಗೆ ಕೊಟ್ಟೇವಿ. ಆಕಿಗೇ ಐವತ್ನಾಕು ಆಗ್ಯಾವು. ಈಗ ಏನಂತಿ?” ಎಂದು ಗದರಿಸಿದೆ.

ಹುಡುಗಿ ಬೆರಳು ಮಡಚಿ ಎಣಿಸಿದಳು. “ಹಂಗಾರ ಅಮ್ಮಾರು ಹನ್ನೊಂದ ವರ್ಷಕ್ಕ ಹಡದಾರ್ರಿ. ಸಾವಕಾಶ ಮಾತಾಡ್ರಿ ಸರ್ರ, ನಿಮ್ಮ ಮ್ಯಾಲ ಕೇಸ್ ಆಗತೈತಿ.”

ಮೂವತ್ತೈದು ವರ್ಷ ಕಳೆಯುವ ಲೆಕ್ಕ ಕಲಿಸಿದ ನಾನು ಈ ಒಂದು ಲೆಕ್ಕವನ್ನು ಮಾಡಿಯೇ ಇರಲಿಲ್ಲ.

ಆದರೂ ಹಿಂದೆ ಸರಿಯಲಿಲ್ಲ. ಮರುದಿನ ಮಸಗುಪ್ಪಿಯಿಂದ ಸಾಕ್ಷಿಯನ್ನೇ ಕರೆತಂದೆ. ಮಾಯವ್ವನ ತಮ್ಮ ಬೀರಪ್ಪ, ಕುರಿ ಕಾಯುವವನು, ಅವಳಿಗಿಂತ ಎರಡು ವರ್ಷಕ್ಕೆ ಚಿಕ್ಕವನು. ಆಧಾರ್ ಪ್ರಕಾರ ಅವನಿಗೆ ಎಪ್ಪತ್ತೊಂದು. ಹಿಂದಿನ ತಿಂಗಳೇ ಅವನಿಗೆ ಆರೋಗ್ಯ ಕಾರ್ಡೂ ಬಂದಿತ್ತು.

“ಈಕಿ ನಮ್ಮಕ್ಕರಿ. ನನ್ನ ಬಗಲಾಗ ಎತಗೊಂಡು ಕುರಿ ಹಿಂದ ಹೋಗತಿದ್ಲು,” ಎಂದ ಬೀರಪ್ಪ.

“ಕಾಕಾ, ನಿಮಗ ಎಪ್ಪತ್ತೊಂದು, ಇವರಿಗೆ ಅರವತ್ತೈದು. ಇವರು ತಾವು ಹುಟ್ಟೂಕಿಂತ ಮೊದ್ಲ ನಿಮ್ಮನ್ನ ಎತಗೊಂಡಿದ್ರೇನ್ರಿ?”

ಬೀರಪ್ಪ ಬಹಳ ಹೊತ್ತು ವಿಚಾರ ಮಾಡಿದ. “ನನಗೇನ ನೆನಪಿಲ್ಲ ತಂಗಿ, ನಾ ಆಗ ಸಣ್ಣಾಂವ ಇದ್ದೆ.”

ಸಾಕ್ಷಿಯ ಕಥೆ ಅಲ್ಲಿಗೆ ಮುಗಿಯಿತು. “ಹಂಗಾರ ಆಧಾರ್‌ನಾಗ ತಾರೀಖ ತಿದ್ದಿ ಕೊಡು,” ಎಂದೆ.

ಅವಳು ಏನನ್ನೋ ಒತ್ತಿ ನೋಡಿದಳು. “ಹುಟ್ಟಿದ ತಾರೀಖ ಒಂದ ಸಲ ಅಷ್ಟ ತಿದ್ದಾಕ ಬರತೈತ್ರಿ. ಇವರದು ಮೊದ್ಲ ತಿದ್ದಿ ಆಗೇತಿ.”

“ಯಾರು ತಿದ್ದಿಸ್ಯಾರು?” ಎಂದು ಕೇಳಿದಳು ಮಾಯವ್ವ.

ನಾನು ಗೋಡೆಯ ಮೇಲಿನ ಫ್ಯಾನು ನೋಡತೊಡಗಿದೆ.

ತಿದ್ದಿಸಿದವನು ನಾನೇ. ಮೊದಲ ಸಲ ಊರಿಗೆ ಆಧಾರ್ ಮಾಡುವವರು ಬಂದಾಗ ಅವಳ ಬಿಸಿಲುಂಡ ಮುಖ, ನರೆತ ತಲೆ ನೋಡಿ ಅಂದಾಜಿನ ಮೇಲೆ ಒಂದು ಇಸವಿ ಬರೆದುಕೊಂಡು ಹೋಗಿದ್ದರು. ಕಾರ್ಡು ಬಂದಾಗ ನೋಡಿದರೆ ಅವಳು ನನಗಿಂತ ಎರಡು ವರ್ಷ ದೊಡ್ಡವಳು! ಹೆಡ್‌ಮಾಸ್ತರನಿಗಿಂತ ಹೆಡ್‌ಮಾಸ್ತರನ ಹೆಂಡತಿ ಹಿರಿಯಳೆಂದರೆ ಊರಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? ಏಕೆಂದು ಹೇಳದೆ ಅವಳನ್ನು ಮೂಡಲಗಿಗೆ ಕರೆದುಕೊಂಡು ಹೋಗಿ, ಪರಿಚಯದ ಅಧಿಕಾರಿಯೊಬ್ಬರಿಂದ ಪತ್ರ ಮಾಡಿಸಿ, ಹತ್ತು ವರ್ಷ ಇಳಿಸಿ, ಅಭ್ಯಾಸ ಬಲದಿಂದ ಜೂನ್ ಒಂದು ಎಂದು ಹಾಕಿಸಿ ಬಂದಿದ್ದೆ. ಅಂದು ನಾನು ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಇಂದು ಅವಳಿಗೆ ಎಪ್ಪತ್ತೈದಾಗಿರುತ್ತಿತ್ತು, ಕಾರ್ಡು ಕೈಯಲ್ಲಿರುತ್ತಿತ್ತು. ಅವಳು ಹಾಗೆ ಮುದುಕಿಯಂತೆ ಕಂಡಿದ್ದಾದರೂ ಏಕೆ? ಅವಳು ಹೊಲದಲ್ಲಿದ್ದಳು, ನಾನು ಕುರ್ಚಿಯಲ್ಲಿದ್ದೆ. ನನಗೆ ವಿಪರೀತ ನಾಚಿಕೆಯಾಯಿತು.

“ಬೆಂಗಳೂರಿಗೆ ಅರ್ಜಿ ಹಾಕಿ ನೋಡಬೌದ್ರಿ. ಸಾಲಿ ದಾಖಲೆ ಕೇಳತಾರು. ತಿಂಗಳಾನಗಟ್ಟಲೆ ಹಿಡೀತೈತಿ,” ಎಂದಳು ಹುಡುಗಿ.

“ನಾ ಸಾಲಿಗೆ ಹೋಗಿಲ್ಲವಾ,” ಎಂದಳು ಮಾಯವ್ವ. “ಇವರು ಇಲ್ಲಿ ಒತ್ತು ಅಂದಲ್ಲಿ ಹೆಬ್ಬಟ್ಟು ಒತ್ತೇನಿ.”

ಊರಿಗೆಲ್ಲ ಅಕ್ಷರ ಕಲಿಸಿದ ನಾನು ಮನೆಯಲ್ಲಿ ಒಂದು ಸಹಿಯನ್ನೂ ಕಲಿಸಿರಲಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಉತ್ತರ ತಯಾರಿತ್ತು.

“ಒಂದು ಚಲೋ ಆತು ಬಿಡ್ರಿ,” ಎಂದಳು ಕೊನೆಗೆ. “ಈಗ ನಾ ಸತ್ರ ಮಂದಿ ಭಾಳ ಮರಗತಾರು. ಪಾಪ, ಅರವತ್ತೈದಕ್ಕ ಹೋದ್ಲು, ಇನ್ನೂ ಸಣ್ಣಾಕಿ ಇದ್ಲು ಅಂತಾರು.”



ನಾಲ್ಕು ವಾರ ನಾನು ಕಚೇರಿಗಳನ್ನು ಅಲೆದದ್ದೇ ಬಂತು. ಕೊನೆಗೆ ಒಂದು ಸಂತೆಯಲ್ಲಿ ಬೀರಪ್ಪ ಅರ್ಧ ಹಿಂಡು ಮಾರಿ ಬಂದ. ನನ್ನ ಕಡೆ ತಿರುಗಿಯೂ ನೋಡದೆ ರೊಕ್ಕವನ್ನು ಅಕ್ಕನ ಉಡಿಯಲ್ಲಿ ಹಾಕಿ ಹೋದ. ಸೋಮವಾರ ಬೆಳಗಾವಿಗೆ ಹೊರಡಬೇಕು. ಡಾಕ್ಟರು ಹೇಳಿದ ತಿಂಗಳು ಅಷ್ಟರಲ್ಲಿ ಮೀರಿರುತ್ತದೆ.

ನನ್ನ ಕಾರ್ಡು ಮಾತ್ರ ಚೆಂದವಾಗಿ ಪ್ರಿಂಟಾಗಿ ಬಂದಿದೆ. ಸುಮ್ಮನಿರಲಾರದೆ ನಿನ್ನೆ ಗೋಕಾಕದ ಡಾಕ್ಟರಿಗೆ ನಾನೂ ತೋರಿಸಿಕೊಂಡೆ. ಡಾಕ್ಟರು ಎದೆ ನೋಡಿದರು, ಬಿಪಿ ನೋಡಿದರು, ರಕ್ತ ತೆಗೆಸಿ ನೋಡಿದರು. ನನಗೆ ಯಾವ ರೋಗವೂ ಇಲ್ಲ.