ನಾಲ್ಕನೆಯ ಬದಿ

ಇಂದ್ರಮ್ಮನಿಗೆ ಬೇಕಾಗಿದ್ದುದು ಒಂದು ರುಜು. ಫಾರಮ್ಮಿನ ಕೆಳಗೆ, ಪೋಷಕರದೆಂದು ಬಿಟ್ಟಿದ್ದ ಗೆರೆಯ ಮೇಲೆ ದೊಡ್ಡಪ್ಪ ಬೋರಯ್ಯ ತನ್ನ ಹೆಸರಿನ ಮೂರು ಅಕ್ಷರ ಬರೆದರೆ ಸಾಕಿತ್ತು. ಆ ಫಾರಂ ಇವತ್ತು ಸಂಜೆಯ ಬಸ್ಸಿಗೆ ಹೋಗಿ ಮದ್ದೂರಿನಲ್ಲಿ ಟಪಾಲು ಸೇರಿದರೆ ನಾಡಿದ್ದು ಮೈಸೂರು ತಲುಪುತ್ತಿತ್ತು. ನಾಡಿದ್ದೇ ಕೊನೆಯ ದಿನ.

ಫಾರಂ ಬಂದು ಎಂಟು ದಿನವಾಗಿತ್ತು. ಎಂಟು ದಿನವೂ ಅವಳು ಅದನ್ನು ಸೀರೆಗಳ ಮಡಿಕೆಯಲ್ಲಿಟ್ಟುಕೊಂಡು ಸರಿಯಾದ ಹೊತ್ತಿಗಾಗಿ ಕಾದಿದ್ದಳು. ಆದರೆ ಊಟಕ್ಕೆ ಮುಂಚೆ ದೊಡ್ಡಪ್ಪನಿಗೆ ಕೋಪ ಬರುತ್ತಿತ್ತು, ಊಟವಾದ ಮೇಲೆ ನಿದ್ದೆ ಬರುತ್ತಿತ್ತು, ನಡುವೆ ಬಾಯಲ್ಲಿ ಮುದ್ದೆ ಇರುತ್ತಿತ್ತು.

ಅಪ್ಪ ಇಲ್ಲದ ಹುಡುಗಿಯನ್ನು ಬೋರಯ್ಯನೇ ಮೈಸೂರಿಗೆ ಕಳಿಸಿ ಹಾಸ್ಟೆಲಿನಲ್ಲಿ ಬಿಟ್ಟು ಓದಿಸುತ್ತಿದ್ದ. ಆ ಊರಿನ ಒಕ್ಕಲು ಮನೆಗಳಿಂದ ಕಾಲೇಜಿಗೆ ಹೋದ ಹೆಣ್ಣು ಅವಳೊಬ್ಬಳೇ. ಹೀಗಾಗಿ ಅವಳು ಕೆಮ್ಮಿದರೂ ಮೈಸೂರಿನ ಕೆಮ್ಮೆಂದು ನಾಲ್ಕು ಮನೆಗೆ ಗೊತ್ತಾಗುತ್ತಿತ್ತು. ಬಿ.ಎಸ್‌ಸಿ. ಮೊದಲ ವರ್ಷದಲ್ಲಿ ಅವಳು ನಪಾಸಾದಳೆಂಬುದು ಮಾತ್ರ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಉಳಿದೆಲ್ಲ ಪಾಠಗಳಲ್ಲೂ ಪಾಸು. ಕ್ಯಾಲ್ಕುಲಸ್ ಒಂದರಲ್ಲಿ ಹೋಗಿತ್ತು. ಸೆಪ್ಟೆಂಬರಿನಲ್ಲಿ ಅದನ್ನು ಮತ್ತೆ ಬರೆದು ಗೆಲ್ಲಬೇಕು, ಅದಕ್ಕೇ ಈ ಫಾರಂ. ಇಲ್ಲವಾದರೆ ದೊಡ್ಡಪ್ಪ ಓದು ಬಿಡಿಸುತ್ತಾನೆ, ಅವಳು ಹಿಂದಕ್ಕೆ ಬಂದು ಈ ಜಗುಲಿಯಲ್ಲಿ ಕೂರಬೇಕು.

ಬೇರೆ ದಾರಿಯಿಲ್ಲದೆ ಆ ಬೆಳಿಗ್ಗೆ ಫಾರಂ ಹಿಡಿದುಕೊಂಡು ಜಗುಲಿಗೆ ಬಂದಳು.

ಬೋರಯ್ಯ ಎಲ್ಲ ಕೇಳಿಸಿಕೊಂಡು, ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದ.

“ಇಂಗ್ಲೀಸಲ್ಲಿ ಪಾಸು. ಲೆಕ್ಕದಲ್ಲಿ ಪೇಲು. ನಮ್ಮನೇಲಿ ಲೆಕ್ಕದಲ್ಲಿ ಯಾರೂ ಪೇಲಾಗಿಲ್ಲ ಕಣವ್ವ.”

“ನಿಮ್ಮನೇಲಿ ಯಾರೂ ಪರೀಕ್ಸೆಗೆ ಕೂತಿಲ್ವಲ್ಲ,” ಎಂದು ಒಳಗಿನಿಂದ ದೊಡ್ಡವ್ವ ಯಶೋದಮ್ಮ ಹೇಳಿದಳು.

“ಇದು ಬರೀ ಲೆಕ್ಕ ಅಲ್ಲ ದೊಡ್ಡಪ್ಪ. ಕ್ಯಾಲ್ಕುಲಸ್ಸು.”

“ಅಂಗಂದ್ರೆ?”

ಇಂದ್ರಮ್ಮ ಮಾತನ್ನು ಅಳೆದು ತೂಗಿ ಹೇಳುವವಳು. “ಒಂದು ವಸ್ತು ಬದಲಾಗ್ತಾ ಇದ್ರೆ, ಅದು ಈಗ, ಈ ಕ್ಷಣದಲ್ಲಿ, ಎಷ್ಟು ಬೇಗ ಬದಲಾಗ್ತಾ ಅದೆ ಅಂತ ಕಂಡುಹಿಡಿಯೋದು.”

“ಬದಲಾಗೋದು ಕಣ್ಣಿಗೆ ಕಾಣ್ತದಲ್ಲ. ಅದ್ಕೆ ಮೈಸೂರಿಗ್ಯಾಕೆ ಓಗ್ಬೇಕು?”

ನಿಜ ಹೇಳಬೇಕೆಂದರೆ ಇಡೀ ವರ್ಷ ಅವಳು ತನ್ನನ್ನೇ ಕೇಳಿಕೊಂಡ ಪ್ರಶ್ನೆಯೂ ಅದೇ. ಲೆಕ್ಕದಲ್ಲಿ ಎಕ್ಸ್ ಅಕ್ಷರದ ನೆತ್ತಿಯ ಮೇಲೆ ಬರೆದ ಎರಡನ್ನು ಕೆಳಗಿಳಿಸಿ ಮುಂದೆ ಕೂರಿಸುವುದು ಅವಳಿಗೆ ಬರುತ್ತಿತ್ತು. ಯಾಕೆ ಇಳಿಸಬೇಕು, ಪಾಪ ಅದು ಅಲ್ಲಿ ಕೂತಿದ್ದರೆ ಯಾರಿಗೇನು ತೊಂದರೆ ಎನ್ನುವುದು ಮಾತ್ರ ತಿಳಿದಿರಲಿಲ್ಲ. ಕ್ಲಾಸಿನಲ್ಲಿ ಕೇಳೋಣವೆಂದರೆ ಅರವತ್ತು ಹುಡುಗರು ಹಿಂದಿರುಗಿ ನೋಡುತ್ತಿದ್ದರು.

ಅಷ್ಟರಲ್ಲಿ ಕುರಿಗಾರ ಹೊನ್ನಯ್ಯ ಬಂದು ಅಂಗಳದಲ್ಲಿ ನಿಂತ. ನಾಟಿಗೆ ಮುಂಚೆ ಗೊಬ್ಬರಕ್ಕಾಗಿ ಬೋರಯ್ಯ ಗದ್ದೆಯಲ್ಲಿ ಕುರಿಮಂದೆ ಹಾಕಿಸುತ್ತಿದ್ದ. ಇಪ್ಪತ್ತನಾಲ್ಕು ಬಿದಿರ ತಡಿಕೆಗಳನ್ನು ಚೌಕವಾಗಿ ಕಟ್ಟಿ, ಒಳಗೆ ಕುರಿ ಕೂಡಿದರೆ ಬೆಳಗಾಗುವಷ್ಟರಲ್ಲಿ ಅಷ್ಟು ಜಾಗಕ್ಕೆ ಗೊಬ್ಬರ ಬಿದ್ದಿರುತ್ತಿತ್ತು. ಮರುದಿನ ತಡಿಕೆ ಕಿತ್ತು ಪಕ್ಕದ ಜಾಗಕ್ಕೆ.

“ಇವತ್ತು ನಾಲೆ ಪಕ್ಕದ ಗದ್ದೆ ಅಲ್ವರಾ ಗೌಡ್ರೇ? ಒಂದೊಂದು ಕಡೀಕೂ ಆರಾರು ತಡಿಕೆ ಊರ್ಲಾ?”

ನಾಲೆ ಎನ್ನುವ ಮಾತು ಕಿವಿಗೆ ಬಿದ್ದ ಕೂಡಲೆ ಇಂದ್ರಮ್ಮನಿಗೆ ಪುಸ್ತಕದ ಒಂದು ಪುಟ ಕಣ್ಣ ಮುಂದೆ ಬಂತು. ಒಂದು ಕಡೆ ಹೊಳೆ, ಮೂರು ಕಡೆ ಬೇಲಿ. ಪರೀಕ್ಷೆಯಲ್ಲಿ ಅವಳು ಅದನ್ನು ತಪ್ಪು ಮಾಡಿದ್ದಳು.

“ದೊಡ್ಡಪ್ಪ, ಅಷ್ಟೇ ತಡಿಕೇಲಿ ಎರಡರಷ್ಟು ಜಾಗ ಕಟ್ಟಿಸಿದ್ರೆ ರುಜು ಹಾಕ್ತೀಯಾ?”

ಬೋರಯ್ಯ ಹೊನ್ನಯ್ಯನ ಮುಖ ನೋಡಿದ. ಹೊನ್ನಯ್ಯ ಅಂಗಳದಲ್ಲಿ ಒರಗಿಸಿಟ್ಟಿದ್ದ ತಡಿಕೆಗಳ ಮುಖ ನೋಡಿದ.

“ಕಟ್ಸು, ನೋಡುವಾ,” ಎಂದ ಬೋರಯ್ಯ. “ಕಟ್ಸುದ್ರೆ ಅಲ್ಲೇ ಹಾಕ್ತೀನಿ. ಆಗ್ದಿದ್ರೆ ಆ ಪುಸ್ತಕ ಅಟ್ಟದ್ಮೇಲೆ ಇಕ್ಬುಡು.”

ಮಧ್ಯಾಹ್ನವೆಲ್ಲ ಇಂದ್ರಮ್ಮ ಅಡಿಗೆಮನೆಯ ನೆಲದ ಮೇಲೆ ಇಪ್ಪತ್ತನಾಲ್ಕು ಹುಣಿಸೆಬೀಜ ಇಟ್ಟುಕೊಂಡು ಕೂತಳು. ಸಾರಿಸಿದ ನೆಲದ ಮೇಲೆ ಎಳೆದ ಗೆರೆಯೇ ನಾಲೆ. ನಾಲೆಯಿಂದ ಈಚೆಗೆ ಎರಡೂ ತುದಿಯಲ್ಲಿ ಒಂದೊಂದು ಬೀಜ ಇಟ್ಟರೆ ಉದ್ದಕ್ಕೆ ಇಪ್ಪತ್ತೆರಡು ಉಳಿಯುತ್ತದೆ. ಇಪ್ಪತ್ತೆರಡು ಚೌಕದ ಜಾಗ. ಎರಡೆರಡು ಇಟ್ಟರೆ ನಲವತ್ತು. ಮೂರಕ್ಕೆ ಐವತ್ತನಾಲ್ಕು. ಆಮೇಲೆ ಅರವತ್ತನಾಲ್ಕು, ಎಪ್ಪತ್ತು, ಎಪ್ಪತ್ತೆರಡು. ಆರಾರರ ಚೌಕದ ಮೂವತ್ತಾರಕ್ಕೆ ಸರಿಯಾಗಿ ಎರಡರಷ್ಟು. ಏಳಕ್ಕೆ ಮತ್ತೆ ಎಪ್ಪತ್ತು.

ಅವಳ ಕೈ ನಿಂತಿತು. ಜಾಗ ಹೆಚ್ಚುತ್ತಿದೆ, ಆದರೆ ಹೆಚ್ಚುವುದು ಕಡಮೆಯಾಗುತ್ತಿದೆ: ಹದಿನೆಂಟು, ಹದಿನಾಲ್ಕು, ಹತ್ತು, ಆರು, ಎರಡು. ತುತ್ತತುದಿಯಲ್ಲಿ, ಆರರ ಹತ್ತಿರ, ಅದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಉಸಿರು ಹಿಡಿದ ಹಾಗೆ ಒಂದು ಗಳಿಗೆ ನಿಲ್ಲುತ್ತದೆ. ಮೇಷ್ಟರು ಕರಿಹಲಗೆಯ ಮೇಲೆ ಸೊನ್ನೆ ಬರೆದು ಸುಮ್ಮನೆ ಮುಂದೆ ಹೋಗುತ್ತಿದ್ದರಲ್ಲ, ಆ ಸೊನ್ನೆ ಇದು.

“ದೊಡ್ಡವ್ವ, ನಂಗೆ ಗೊತ್ತಾಯ್ತು,” ಎಂದಳು.

ಯಶೋದಮ್ಮ ಒಲೆಯ ಮುಂದಿನಿಂದಲೇ ಬೀಜಗಳನ್ನು ನೋಡಿ, ವಿವರಣೆ ಕೇಳಿ, “ಸಾರಿಗೆ ಉಪ್ಪಾಕ್ದಂಗೆ ಅನ್ನು. ಹಾಕ್ತಾ ಹಾಕ್ತಾ ರುಚಿ ಬತ್ತದೆ, ಒಂದ್ಕಡೆ ನಿಂತ್ಕತದೆ, ಇನ್ನೊಂದು ಹಳ್ಳು ಬಿದ್ರೆ ಕೆಟ್ಟೋಯ್ತದೆ. ಇದ್ಕೆ ವರ್ಸ ಬೇಕಾಯ್ತಾ ನಿಂಗೆ?” ಎಂದಳು.

ಸಂಜೆ ನಾಲ್ಕರ ಹೊತ್ತಿಗೆ ನಾಲೆಯ ಏರಿಯ ಮೇಲೆ ಅರ್ಧ ಊರೇ ಕೂತಿತ್ತು. ನಾಲೆಯ ಆಚೆ ದಡದಲ್ಲಿ ಕೆಂಪಯ್ಯನ ಭತ್ತದ ಸಸಿ ಮಡಿ ಹಸಿರಾಗಿ ಎದ್ದಿತ್ತು. ಅವನು ಅದಕ್ಕೆ ಬೆನ್ನು ಹಾಕಿ, ಈಚೆ ಬಂದು, ಎಲ್ಲರಿಗಿಂತ ಮುಂದೆ ಕೂತಿದ್ದ.

“ಆರು ತಡಿಕೆ ಇಲ್ಲಿಂದ ಮೇಲಕ್ಕೆ, ಹನ್ನೆರಡು ಉದ್ದಕ್ಕೆ, ಆರು ಹಿಂದಕ್ಕೆ ನೀರಿಗೆ,” ಎಂದು ಇಂದ್ರಮ್ಮ ತೋರಿಸಿದಳು.

“ನಾಲ್ಕನೇ ಕಡೀಕೆ?” ಎಂದ ಹೊನ್ನಯ್ಯ.

“ನಾಲೆ ಅದಲ್ಲ.”

“ನಾಲೆ ತಡಿಕೆ ಅಲ್ವಲ್ಲವ್ವ.”

“ಕುರಿ ನೀರಿಗೆ ಇಳೀತವಾ?”

“ಇಳಿಯಾಕಿಲ್ಲ,” ಎಂದು ಅವನು ಒಪ್ಪಿದ. ಒಪ್ಪಿದ್ದು ಅವನಿಗೇ ಹಿಡಿಸಲಿಲ್ಲ. “ಇನ್ನೊಂದು ಮಾತು ಕೇಳ್ತೀನಿ. ಜಾಗ ಎರಡರಷ್ಟಾಯ್ತು, ಸರಿ. ನನ್ನ ಕುರಿ ಎಷ್ಟೋ ಅಷ್ಟೇ ಅಲ್ವಾ? ಅವು ಹಾಕೋ ಇಕ್ಕೆನೂ ಎರಡರಷ್ಟಾಯ್ತದಾ?”

ಇದು ಪುಸ್ತಕದಲ್ಲಿ ಇರಲಿಲ್ಲ. ಆದರೆ ಬೋರಯ್ಯ ಆಗಲೇ ತಡಿಕೆಯ ಉದ್ದಕ್ಕೂ ಹೆಜ್ಜೆ ಹಾಕಿ ಬಂದಿದ್ದ, ಅವನ ಮುಖ ಅರಳಿತ್ತು. “ಸುಮ್ಕಿರ್ಲಾ ಹೊನ್ನ. ಎರಡು ದಿನದ ಜಾಗ ಒಂದೇ ದಿನಕ್ಕೆ ಆಯ್ತದೆ. ಕಟ್ಟು.”

ಹೊನ್ನಯ್ಯ ಕಟ್ಟಿದ. ಕೊನೆಯ ತಡಿಕೆಯ ಒಂದು ಬದಿಯನ್ನು ಮಾತ್ರ ಬಿಗಿಯದೆ ಬಿಟ್ಟ, ಅದೇ ಬಾಗಿಲು. ಅದನ್ನು ಸರಿಸಿ ಕುರಿಗಳನ್ನು ಒಳಗೆ ಬಿಟ್ಟು ಮತ್ತೆ ಮುಚ್ಚಿದ. ಕುರಿಗಳು ಅಷ್ಟಗಲ ಜಾಗ ಕಂಡು ಗಾಬರಿಯಾಗಿ, ಮದುವೆ ಮನೆಯಲ್ಲಿ ಗುರುತಿನವರಿಲ್ಲದ ನೆಂಟರ ಹಾಗೆ, ಒಂದೇ ಮೂಲೆಯಲ್ಲಿ ಒತ್ತಿಕೊಂಡು ನಿಂತವು.

“ನೋಡಿದ್ರಾ, ಮಿಕ್ಕಿದ್ದು ದಂಡ,” ಎಂದ ಹೊನ್ನಯ್ಯ.

“ಆಮೇಲೆ ಹರಡ್ಕತವೆ ಬುಡು,” ಎಂದು ಬೋರಯ್ಯ ಏರಿಯ ಕಲ್ಲಿನ ಮೇಲೆ ಕೂತು ಕೈ ಚಾಚಿದ. “ತತ್ತವ್ವ ನಿನ್ನ ಫಾರಮ್ಮು.”

ಇಂದ್ರಮ್ಮ ಫಾರಂ ಕೊಟ್ಟಳು, ಪೆನ್ನು ಬಿಚ್ಚಿಕೊಟ್ಟಳು. ದೊಡ್ಡಪ್ಪ ರುಜು ಹಾಕುವ ಮುಂಚೆ ಫಾರಂ ಪೂರ್ತಿ ಓದುವ ಮನುಷ್ಯ. ಅದು ಇಂಗ್ಲಿಷಿನಲ್ಲಿದ್ದುದರಿಂದ ಇನ್ನೂ ನಿಧಾನವಾಗಿ ನೋಡುತ್ತಿದ್ದ. ಅವಳು ಅವನ ಕೈಯನ್ನು ನೋಡಲಾರದೆ ನಾಲೆಯ ಕಡೆ ತಿರುಗಿದಳು.

ನಾಲೆ ದಾಟಲು ಬಸ್ಸು ಹತ್ತುವ ಸೇತುವೆಯ ಕಲ್ಲುಕಂಬದ ಮೇಲೆ ಒಂದು ಒದ್ದೆ ಪಟ್ಟೆ ಕಂಡಿತು. ನೀರಿಗಿಂತ ಒಂದು ಗೇಣು ಮೇಲೆ. ನೋಡುತ್ತಿದ್ದಂತೆ ಪಟ್ಟೆ ಇನ್ನಷ್ಟು ಅಗಲವಾಯಿತು. ಮೊದಲು ಬೇಗ ಬೇಗ ಇಳಿಯುತ್ತಿದ್ದ ನೀರು ಈಗ ಸ್ವಲ್ಪ ನಿಧಾನವಾಗಿ ಇಳಿಯುತ್ತಿತ್ತು. ಹಾಗಾದರೆ ಈಗ, ಈ ಕ್ಷಣದಲ್ಲಿ, ಅದರ ವೇಗ ಎಷ್ಟು? ಒಂದು ನಿಮಿಷದಲ್ಲಿ ಇಳಿದದ್ದನ್ನು ಹಿಡಿ. ಅರ್ಧ ನಿಮಿಷದ್ದನ್ನು ಹಿಡಿ. ಇನ್ನೂ ಚಿಕ್ಕದು, ಇನ್ನೂ ಚಿಕ್ಕದು. ಒಂದು ವರ್ಷ ಅವಳಿಗೆ ಬೆನ್ನು ತೋರಿಸಿ ನಿಂತಿದ್ದ ಪಾಠವೆಲ್ಲ ಆ ಕಂಬದ ಮೇಲೆ ಮುಖ ತಿರುಗಿಸಿ ಅವಳನ್ನೇ ನೋಡಿತು. ಇಂದ್ರಮ್ಮನ ಕಣ್ಣು ತುಂಬಿಬಂತು. ಇಷ್ಟು ಸರಳವಾದದ್ದನ್ನು ಯಾರೂ ತನಗೆ ಒಂದು ನಾಲೆಯ ಹತ್ತಿರ ಕರೆದುಕೊಂಡು ಹೋಗಿ ಯಾಕೆ ತೋರಿಸಲಿಲ್ಲ?

ನೀರು ಎಷ್ಟು ವೇಗವಾಗಿ ಇಳಿಯುತ್ತಿದೆ ಎಂದು ಅವಳಿಗೆ ಚೆನ್ನಾಗಿ ತಿಳಿಯಿತು. ನೀರು ಇಳಿಯುತ್ತಿದೆ ಎಂಬುದು ಮಾತ್ರ ತಿಳಿಯಲಿಲ್ಲ.

ಅದನ್ನು ಮೊದಲು ತಿಳಿದುಕೊಂಡದ್ದು ಒಂದು ಟಗರು. ಅದು ಮೂಲೆಯಿಂದ ಹೊರಟು, ಕೆಸರಿಗೆ ಕಾಲಿಟ್ಟು ನೋಡಿ, ಆಚೆ ದಡ ಹತ್ತಿತು. ಮಿಕ್ಕ ಕುರಿಗಳು ಯಾವ ಲೆಕ್ಕವನ್ನೂ ಹಾಕದೆ ಅದರ ಹಿಂದೆ ಹೋದವು.

“ನನ್ನ ಸಸಿ,” ಎಂದು ಕೆಂಪಯ್ಯ ಎದ್ದು ನಿಂತ. ಆಮೇಲೆ ಎಲ್ಲರೂ ಎದ್ದರು. ಹೊನ್ನಯ್ಯ ನಾಲೆಗೆ ಧುಮುಕಿದ. ಬೋರಯ್ಯ ಫಾರಮ್ಮನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಪಂಚೆ ಎತ್ತಿಕಟ್ಟಿ ಧುಮುಕಿದ. ಇಂದ್ರಮ್ಮ ಅವನ ಹಿಂದೆ, ಕುರಿಗಳಿಗಾಗಿ ಅಲ್ಲ, ಫಾರಮ್ಮಿಗಾಗಿ. ಅವಳ ಒಂದು ಚಪ್ಪಲಿ ನಾಲೆಯ ಕೆಸರಿನಲ್ಲೇ ಉಳಿಯಿತು.

ಕುರಿಗಳನ್ನು ಹಿಂದಕ್ಕೆ ಹೊಡೆಯುವಷ್ಟರಲ್ಲಿ ಸಸಿ ಮಡಿ ಅರ್ಧ ಬೋಳಾಗಿತ್ತು.

“ನಿಮ್ಮುಡುಗಿ ಲೆಕ್ಕ ನನ್ನ ಗದ್ದೇಲಿ ತೀರ್ತಲ್ಲ ಬೋರಣ್ಣ,” ಎಂದು ಕೆಂಪಯ್ಯ ಬದುವಿನ ಮೇಲೆ ಕುಸಿದ.

“ಯಾವನ್ಲಾ ನೀರು ನಿಲ್ಸಿದೋನು?” ಎಂದು ಬೋರಯ್ಯ ಗುಡುಗಿದ. ಗುಡುಗಲು ಬಾಯಿ ತೆರೆದಾಗ ಫಾರಂ ಬಿತ್ತು, ಇಂದ್ರಮ್ಮ ಹಿಡಿದುಕೊಂಡಳು.

ನಾಲೆಯ ತೂಬು ತೆಗೆದು ಮುಚ್ಚಿ ನೀರು ಬಿಡುವ ಕೆಲಸದ ನೀರ್ಗಂಟಿ ನಿಂಗಯ್ಯ ಏರಿಯ ಮೇಲೆ ಸಾವಕಾಶವಾಗಿ ನಡೆದುಬರುತ್ತಿದ್ದ.

“ನಾನೇ ಕಣ್ ಗೌಡ್ರೇ. ಬೆಳಿಗ್ಗೆ ನೀವೇ ಅಂದ್ರಲ್ಲ, ಮಂದೆ ಹಾಕುಸ್ತೀನಿ, ಗದ್ದೆ ಒದ್ದೆಯಾದ್ರೆ ಕುರಿ ಮಲಗಾಕಿಲ್ಲ, ಸಂಜೆಗೆ ತೂಬು ಮುಚ್ಬುಡು ಅಂತ. ಮುಚ್ಬುಟ್ಟೆ.”

ಬೋರಯ್ಯ ನಿಂಗಯ್ಯನನ್ನು ನೋಡಿದ, ನಾಲೆಯನ್ನು ನೋಡಿದ, ಕಡೆಗೆ ಇಂದ್ರಮ್ಮನನ್ನು ನೋಡಿದ. ಅವಳು ಅವನನ್ನು ನೋಡದೆ ನೆಲ ನೋಡುತ್ತಿದ್ದಳು. ಆ ಮರ್ಯಾದೆಯೇ ಅವನಿಗೆ ನಾಟಿತು.

“ಕೆಂಪಯ್ಯ, ನನ್ನ ಸಸೀಲಿ ನಿಂಗೆಷ್ಟು ಬೇಕೋ ಕಿತ್ಕೊ,” ಎಂದ. ಇಂದ್ರಮ್ಮನ ಕಡೆಗೆ ಕೈ ನೀಡಿದ. “ನಿನ್ನ ಲೆಕ್ಕ ಸರ್ಯಾಗೇ ಇತ್ತು. ತಾ ಇಲ್ಲಿ.”

ಮಳವಳ್ಳಿಯಿಂದ ಮದ್ದೂರಿಗೆ ಹೋಗುವ, ಪೆಟ್ರೋಲಿನ ಬದಲು ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು ಸೇತುವೆಯ ಏರಿನಲ್ಲಿ ಎಂದಿನಂತೆ ದಮ್ಮು ಹತ್ತಿ ನಿಂತಿತ್ತು. ಡ್ರೈವರ್ ಗಫಾರ್ ಸಾಬರು ಕುಲುಮೆಗೆ ಗಾಳಿ ತಿರುಗಿಸಿ ಅದನ್ನು ಎಬ್ಬಿಸುವಷ್ಟರಲ್ಲಿ ಬೋರಯ್ಯ ಬಸ್ಸಿನ ಮಡ್‌ಗಾರ್ಡಿನ ಮೇಲೆ ಫಾರಂ ಇಟ್ಟು ಮೂರು ಅಕ್ಷರ ಬರೆದ. ಹಲ್ಲಿನ ಗುರುತೂ ಕೆಸರಿನ ಬೆರಳೂ ಬಿದ್ದಿದ್ದ ಆ ಕಾಗದವನ್ನು ಗಫಾರ್ ಸಾಬರು ಎರಡು ಕೈಯಲ್ಲಿ ತೆಗೆದುಕೊಂಡು, “ಟಪಾಲಿಗೆ ನಾನೇ ಹಾಕ್ತೀನಿ ಬೇಟಿ, ನೀನು ಚಪ್ಪಲಿ ಹುಡುಕ್ಕೊ,” ಎಂದರು.

ಸೆಪ್ಟೆಂಬರಿನ ಪರೀಕ್ಷೆಯಲ್ಲಿ ಕ್ಯಾಲ್ಕುಲಸ್ ಪತ್ರಿಕೆಯ ಮೂರನೆಯ ಪ್ರಶ್ನೆ ಇಂದ್ರಮ್ಮನಿಗೆ ಗುರುತಿನದಾಗಿತ್ತು. ಒಬ್ಬ ರೈತನ ಬಳಿ ಇನ್ನೂರ ನಲವತ್ತು ಗಜ ಬೇಲಿಯಿದೆ. ನೆಲದ ಒಂದು ಬದಿಗೆ ನೇರವಾದ ಹೊಳೆ. ಅತಿ ಹೆಚ್ಚು ಜಾಗಕ್ಕೆ ಬೇಲಿ ಹಾಕುವುದು ಹೇಗೆ?

ಐದು ನಿಮಿಷದಲ್ಲಿ ಬರೆದಳು. ಅರವತ್ತು, ನೂರ ಇಪ್ಪತ್ತು, ಅರವತ್ತು. ಪ್ರತಿಯೊಂದು ಹೆಜ್ಜೆಯೂ ಏಕೆಂದು ಈಗ ಗೊತ್ತಿತ್ತು. ಮುಂದಿನ ಪ್ರಶ್ನೆಗೆ ಹೋದಳು. ಹೋದರೂ ಮನಸ್ಸು ಹಿಂದಕ್ಕೆ ಎಳೆಯಿತು. ಹೊಳೆ ಸದಾ ಹರಿಯುತ್ತದೆಂದು ಪ್ರಶ್ನೆಯಲ್ಲಿ ಎಲ್ಲಿ ಹೇಳಿದ್ದಾರೆ? ಮೇಲುಗಡೆ ಯಾರಾದರೂ ತೂಬು ಮುಚ್ಚಿದರೆ? ಆಚೆ ದಡದಲ್ಲಿ ಯಾರದೋ ಸಸಿ ಇದ್ದೇ ಇರುತ್ತದಲ್ಲ. ಕೆಂಪಯ್ಯ ಬದುವಿನ ಮೇಲೆ ಕುಸಿದದ್ದು ಕಣ್ಣಿಗೆ ಕಟ್ಟಿತು. ಗೊತ್ತಿದ್ದೂ ಗೊತ್ತಿದ್ದೂ ಹಾಗೆ ಬರೆಯುವುದು ಅವಳಿಂದ ಆಗಲಿಲ್ಲ. ಕೊನೆಯ ಗಂಟೆಗೆ ಹತ್ತು ನಿಮಿಷವಿರುವಾಗ ಉತ್ತರವನ್ನು ನೀಟಾಗಿ ಹೊಡೆದುಹಾಕಿ, ನಾಲ್ಕೂ ಬದಿಗೆ ಅರವತ್ತರವತ್ತು ಗಜ ಬೇಲಿ ಹಾಕಿ, ‘ನೀರನ್ನು ನಂಬುವಂತಿಲ್ಲ’ ಎಂದು ಕೆಳಗೆ ಒಂದು ಸಾಲು ಬರೆದಳು.

ಆ ಪ್ರಶ್ನೆಗೆ ಸೊನ್ನೆ ಬಂತು. ನಾಲ್ಕು ಅಂಕದಲ್ಲಿ ಮತ್ತೆ ನಪಾಸು.

ಸುದ್ದಿ ತಿಳಿದ ದಿನ ಜಗುಲಿಯಲ್ಲಿ ಬೋರಯ್ಯ, ಕೆಂಪಯ್ಯ, ಯಶೋದಮ್ಮ ಎಲ್ಲರೂ ಕೂತಿದ್ದರು. ಹೊನ್ನಯ್ಯ ಕಂಬಕ್ಕೆ ಒರಗಿ ನಿಂತಿದ್ದ. ಇಂದ್ರಮ್ಮ ಪ್ರಶ್ನೆಯನ್ನೂ ತನ್ನ ಉತ್ತರವನ್ನೂ ಹೇಳಿದಳು.

“ನಾಲ್ಕು ಕಡೀಕೂ ಹಾಕ್ದೆ ತಾನೆ?” ಎಂದ ಕೆಂಪಯ್ಯ. “ಮತ್ತೆ ಅದೇನ್ ತಪ್ಪು?”

“ಅದ್ನ ತಿದ್ದಿದೋನು ಕುರಿ ಕಂಡಿಲ್ಲ ಕಣವ್ವ,” ಎಂದ ಬೋರಯ್ಯ. ಅವನ ದನಿಯಲ್ಲಿ ಕೋಪವಿರಲಿಲ್ಲ. ಓದು ನಿಲ್ಲಿಸುವ ಮಾತೂ ಬರಲಿಲ್ಲ. ಇಂದ್ರಮ್ಮ ಮೆಲ್ಲಗೆ ಉಸಿರು ಬಿಟ್ಟಳು. ಮುಂದಿನ ಪರೀಕ್ಷೆಯ ಫಾರಂ ಅವಳ ಸೆರಗಿನೊಳಗೇ ಇತ್ತು.

ಹೊನ್ನಯ್ಯ ಮಾತ್ರ ಯೋಚನೆ ಮಾಡುತ್ತಿದ್ದ. ಅವನು ಕೋಲಿನ ತುದಿಯಿಂದ ಅಂಗಳದ ಮಣ್ಣಿನಲ್ಲಿ ಒಂದು ಚೌಕ ಎಳೆದು, ಅದರ ಸುತ್ತ ಒಂದು ಸಲ ನಡೆದುಬಂದ.

“ಅಲ್ಲ ಕಣವ್ವ, ಬಾಗಿಲು ಎಲ್ಲಿ ಬುಟ್ಟೆ?”

ಇಂದ್ರಮ್ಮ ಚೌಕವನ್ನು ನೋಡಿದಳು.

“ಬಿಟ್ಟಿಲ್ಲ,” ಎಂದಳು.

ಹೊನ್ನಯ್ಯ ಬೋರಯ್ಯನ ಕಡೆ ತಿರುಗಿ ತಲೆಯಾಡಿಸಿದ.

“ಅಂಗಾರೆ ಪೇಲು ಮಾಡಿದ್ದು ಸರ್ಯಾಗೇ ಅದೆ ಬುಡಿ ಗೌಡ್ರೇ.”

ದೊಡ್ಡಪ್ಪನ ಮುಖ ನಿಧಾನವಾಗಿ ಬದಲಾಗತೊಡಗಿತು. ಎಷ್ಟು ವೇಗವಾಗಿ ಬದಲಾಗುತ್ತಿದೆ ಎಂದು ಇಂದ್ರಮ್ಮ ಈ ಸಲ ಲೆಕ್ಕ ಹಾಕಲಿಲ್ಲ. ಫಾರಮ್ಮನ್ನು ಸೆರಗಿನೊಳಗೆ ಇನ್ನಷ್ಟು ಒಳಕ್ಕೆ ತಳ್ಳಿ, ಮುದ್ದೆ ತಿರುವಲು ಒಳಗೆ ಹೋದಳು.